ಎಣ್ಣೆ ಹೊಡೆಯುವ ಮೊದಲು: ಹೊಸ ಕೈತೋಟದಲ್ಲಿ ಹುಳದ ಕಾಟ ಯಾವುದು, ಮಣ್ಣಿನ ತೊಂದರೆ ಯಾವುದು

ಮನೆ ಕಟ್ಟಿ ಮುಗಿಸಿ, ಕಾಂಪೌಂಡಿನೊಳಗೆ ನಾಲ್ಕು ದಾಸವಾಳ, ಒಂದು ನಿಂಬೆ, ಕರಿಬೇವು, ಎರಡು ತೆಂಗು ಹಚ್ಚಿ, ಗೇಟಿನ ಪಕ್ಕ ಚಿಕ್ಕದೊಂದು ಲಾನ್ ಹಾಕುತ್ತೇವೆ. ಮೂರು ತಿಂಗಳಾಗುವಷ್ಟರಲ್ಲಿ ಎಲೆ ಹಳದಿ ಬೀಳುತ್ತದೆ, ಹುಲ್ಲು ಅಲ್ಲಲ್ಲಿ ಸುಟ್ಟಂತೆ ಕಾಣುತ್ತದೆ. ಆಗ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮೊದಲು ಬರುವ ಮಾತು ‘ಎಣ್ಣೆ ಹೊಡೀರಿ’, ಅಂದರೆ ಕೀಟನಾಶಕ ಸಿಂಪಡಿಸಿ. ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ಸೀಮೆ ಇದು. ಹೊಲಕ್ಕೆ ತಂದು ಉಳಿದ ಡಬ್ಬಿ ಒಂದಾದರೂ ಯಾರದೋ ಮನೆಯ ಅಟ್ಟದ ಮೇಲೆ ಇದ್ದೇ ಇರುತ್ತದೆ.

ಆ ಡಬ್ಬಿ ಇಳಿಸಬೇಡಿ. ನಮ್ಮ ಕಡೆಯ ಹೊಸ ತೋಟಗಳಲ್ಲಿ ಕಾಣುವ ತೊಂದರೆಗಳಲ್ಲಿ ಬಹಳಷ್ಟಕ್ಕೆ ಹುಳ ಕಾರಣವೇ ಅಲ್ಲ. ಉಪ್ಪುನೀರು, ಎರೆಮಣ್ಣಿನ ಸುಣ್ಣ, ಗಾರೆ ಕೆಲಸದಲ್ಲಿ ಉಳಿದ ಸಿಮೆಂಟು, ಬಿಸಿಲಿಗೆ ಕಾದ ಗೋಡೆ, ಇವೇ ಗಿಡವನ್ನು ಮೊದಲು ಕೊಲ್ಲುತ್ತವೆ. ಹುಳವನ್ನು ಕಣ್ಣಾರೆ ಕಂಡ ಮೇಲೆ, ಅದರ ಹೆಸರು ಗೊತ್ತಾದ ಮೇಲೆ ಮಾತ್ರ ಔಷಧದ ವಿಚಾರ. ಬೇಕಾಗುವ ಸಾಮಾನು ಕಡಿಮೆ: 10 ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಒಂದು ಬಿಳಿ ಹಾಳೆ, ಟಾರ್ಚು, ಸಲಿಕೆ, ಕಳೆ ಕೀಳುವ ಕುರ್ಚಿಗಿ, ಒಂದು ಉದ್ದ ಸ್ಕ್ರೂಡ್ರೈವರು.

ಮೊದಲು ದೂರ ನಿಂತು ನೋಡಿ

ಗಿಡದ ಹತ್ತಿರ ಹೋಗುವ ಮೊದಲು ಇಡೀ ತೋಟವನ್ನು ಒಂದು ಸಲ ಕಣ್ಣಾಡಿಸಿ. ಸಂಬಂಧವೇ ಇಲ್ಲದ ನಾಲ್ಕೈದು ಜಾತಿಯ ಗಿಡಗಳಲ್ಲಿ ಒಂದೇ ಲಕ್ಷಣ ಕಂಡರೆ ಅದು ಮಣ್ಣಿನದೋ ನೀರಿನದೋ ತೊಂದರೆ. ದಾಸವಾಳ, ಗುಲಾಬಿ, ನಿಂಬೆ ಮೂರನ್ನೂ ಒಂದೇ ವಾರದಲ್ಲಿ ಹಾಳುಮಾಡುವ ಹುಳ ಅಪರೂಪ. ಒಂದೇ ಜಾತಿಗೆ ಕಾಟವಿದ್ದು ಪಕ್ಕದ ಬೇರೆ ಗಿಡ ಚೆನ್ನಾಗಿದ್ದರೆ ಹುಳ ಅಥವಾ ರೋಗವನ್ನು ಹುಡುಕಿ.

ಒಣಗಿದ ಜಾಗದ ಅಂಚನ್ನು ಗಮನಿಸಿ. ಗೆರೆ ಎಳೆದಂತೆ ನೇರವಾಗಿದ್ದರೆ, ಗೋಡೆಯ ಬುಡದಲ್ಲೋ ಫರಸಿಕಲ್ಲಿನ ಪಕ್ಕದಲ್ಲೋ ಪಟ್ಟಿಯಾಗಿ ಇದ್ದರೆ, ಅದು ಮನುಷ್ಯರ ಕೆಲಸದ ಗುರುತು. ಕೆಳಗೆ ಕಾಂಕ್ರೀಟು ಬಿದ್ದಿರುತ್ತದೆ, ಅಥವಾ ಪಶ್ಚಿಮದ ಗೋಡೆ ಏಪ್ರಿಲ್ ಬಿಸಿಲಿಗೆ ಕಾದು ಬುಡವನ್ನು ಬೇಯಿಸಿರುತ್ತದೆ. ಹುಳ, ರೋಗ ಎರಡೂ ಸೊಟ್ಟಪಟ್ಟ ಅಂಚಿನಲ್ಲಿ, ಒಂದು ಕಡೆಯಿಂದ ಶುರುವಾಗಿ ಮೆಲ್ಲಗೆ ಹರಡುತ್ತವೆ.

ಆಮೇಲೆ ಎಲೆ. ಬುಡದ ಹಳೆಯ ಎಲೆ ಪೂರ್ತಿ ಹಳದಿಯಾಗಿ ಚಿಗುರು ಹಸಿರಾಗಿದ್ದರೆ ಸಾರಜನಕದ ಕೊರತೆ. ಚಿಗುರೇ ಹಳದಿಯಾಗಿ ನರಗಳು ಮಾತ್ರ ಹಸಿರು ಬಲೆಯಂತೆ ಉಳಿದಿದ್ದರೆ ಕಬ್ಬಿಣದ ಕೊರತೆ. ಸುಣ್ಣ ಹೆಚ್ಚಿರುವ ನಮ್ಮ ಎರೆಮಣ್ಣಿನಲ್ಲಿ ನಿಂಬೆ, ದಾಸವಾಳ, ಗುಲಾಬಿಗೆ ಇದು ತೀರಾ ಸಾಮಾನ್ಯ. ಎಲೆಯ ತುದಿ, ಅಂಚು ಮಾತ್ರ ಕಂದಾಗಿ ಒಣಗಿದ್ದರೆ ಉಪ್ಪು. ಪಪ್ಪಾಯಿ, ಟೊಮೆಟೊ ಎಲೆ ದಾರದಂತೆ ಸಣ್ಣಗಾಗಿ ತಿರುಚಿಕೊಂಡಿದ್ದರೆ ವೈರಸ್ ರೋಗ ಅನ್ನುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಹತ್ತಿರದ ಹೊಲದಲ್ಲಿ ಈಚೆಗೆ ಕಳೆನಾಶಕ ಹೊಡೆದಿದ್ದಾರೆಯೇ? ಇಲ್ಲವೇ ಕಳೆನಾಶಕಕ್ಕೆ ಬಳಸಿದ ಪಂಪನ್ನೇ ತಂದು ನಿಮ್ಮ ತೋಟಕ್ಕೆ ಹೊಡೆದಿರಾ? 2,4-ಡಿ ಎಂಬ ಕಳೆನಾಶಕ ಪಂಪಿನ ತಳದಲ್ಲಿ ತುಸು ಉಳಿದರೂ ಸಾಕು, ಇದೇ ಲಕ್ಷಣ ಬರುತ್ತದೆ. ಕೈತೋಟಕ್ಕೆ ಬೇರೆ ಪಂಪೇ ಇರಲಿ. 1 ಲೀಟರಿನ ಕೈಪಂಪು ಧಾರಾಳ ಸಾಕು.

ಮಣ್ಣು ಹೇಳುವ ಮಾತು

ಹೊಸ ಬಡಾವಣೆಯ ತೋಟದ ಮಣ್ಣು ಒಂದೇ ಜಾತಿಯದಲ್ಲ. ತಳದಲ್ಲಿ ಮೂಲದ ಎರೆ, ಅದರ ಮೇಲೆ ಪಾಯ ತುಂಬಿ ಉಳಿದ ಗರಸು, ಇಟ್ಟಿಗೆ ಚೂರು, ಮೇಲೆ ಟ್ರ್ಯಾಕ್ಟರಿನಲ್ಲಿ ತಂದು ಸುರಿದ ಕೆಂಪು ಮಸಾರಿ ಅಥವಾ ಕೆರೆ ಹೂಳು. ಎರಡು ಪದರ ಸೇರುವಲ್ಲಿ ನೀರು ತಡೆದು ನಿಲ್ಲುತ್ತದೆ. ಮೇಲೆ ಒಣಗಿದಂತೆ ಕಂಡರೂ ಕೆಳಗೆ ಬೇರು ಕೊಳೆಯುತ್ತಿರುತ್ತದೆ. ಸ್ಕ್ರೂಡ್ರೈವರನ್ನು ನೀರು ಬಿಟ್ಟ ಮರುದಿನ ಅಲ್ಲಲ್ಲಿ ಚುಚ್ಚಿ ನೋಡಿ: 15 ಸೆಂಟಿಮೀಟರ್ ಸಲೀಸಾಗಿ ಇಳಿಯಬೇಕು. ಠಕ್ಕೆಂದು ನಿಂತರೆ ಕಲ್ಲು, ಕಾಂಕ್ರೀಟು. ಬಿಗಿಯಾಗಿ ಇಳಿದರೆ ಮಣ್ಣು ಗಟ್ಟಿಯಾಗಿದೆ ಎಂದರ್ಥ.

ನೀರು ಬಸಿಯುವುದನ್ನು ನೋಡಲು 30 ಸೆಂಟಿಮೀಟರ್ ಆಳದ ಗುಂಡಿ ತೆಗೆದು ನೀರು ತುಂಬಿ. ಅದು ಇಂಗಿದ ಮೇಲೆ ಎರಡನೇ ಸಲ ತುಂಬಿ, ಒಳಗೊಂದು ಕೋಲು ನಿಲ್ಲಿಸಿ ಗುರುತು ಹಾಕಿ. ಗಂಟೆಗೆ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ ಆ ಜಾಗದಲ್ಲಿ ಗಿಡವನ್ನು ಏರಿನ ಮೇಲೆ ಹಚ್ಚಬೇಕು, ಲಾನಿಗೆ ಇಳಿಜಾರು ಕೊಡಬೇಕು.

ತುಂಗಭದ್ರಾ ಕಾಲುವೆಯ ನೀರು ಹರಿಯುವ ಗಂಗಾವತಿ, ಸಿಂಧನೂರು, ಸಿರಗುಪ್ಪದ ಕಡೆ ಮಣ್ಣು ಉಪ್ಪಾಗಿ ಕೆಡುವ ಸವಳು ಎಷ್ಟು ಹಳೆಯ ಪೀಡೆ ಎಂಬುದು ರೈತರಿಗೆಲ್ಲ ಗೊತ್ತು. ಕೈತೋಟದಲ್ಲಿ ಅದು ಎರಡು ರೂಪದಲ್ಲಿ ಬರುತ್ತದೆ, ಎರಡಕ್ಕೂ ಮದ್ದು ಬೇರೆ. ಮಣ್ಣು ಒಣಗಿದಾಗ ಮೇಲೆ ಬಿಳಿ ಪುಡಿ ಕಟ್ಟಿದರೆ ಅದು ಉಪ್ಪು ಹೆಚ್ಚಾದ ಮಣ್ಣು. ಒಳ್ಳೆಯ ನೀರು ಧಾರಾಳ ಬಿಟ್ಟು, ಉಪ್ಪು ಕೆಳಗಿಳಿದು ಹೊರಗೆ ಬಸಿಯುವಂತೆ ಮಾಡಬೇಕು. ಸೋಡಿಯಂ ಹೆಚ್ಚಾದ ಮಣ್ಣು ಇನ್ನೊಂದು. ಅದು ಹಸಿಯಾದಾಗ ಸಾಬೂನಿನಂತೆ ಜಾರುತ್ತದೆ, ಒಣಗಿದಾಗ ಕಲ್ಲಾಗುತ್ತದೆ, ನೀರು ಇಂಗುವುದೇ ಇಲ್ಲ.

ಎರಡನೆಯದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಒಂದು ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಶುದ್ಧ ನೀರಿನ ಘಟಕದಿಂದ ತಂದ ನೀರು ಹಾಕಿ. ಬೋರಿನ ನೀರು ಬೇಡ, ಅದರ ಉಪ್ಪಿನಿಂದ ಪರೀಕ್ಷೆ ಕೆಡುತ್ತದೆ. ಬಟಾಣಿ ಗಾತ್ರದ ಒಣ ಹೆಂಟೆಯೊಂದನ್ನು ಮೆಲ್ಲಗೆ ತಳಕ್ಕೆ ಬಿಡಿ. ಕಲಕಬೇಡಿ, ಲೋಟ ಅಲುಗಿಸಬೇಡಿ. ಎರಡು ಗಂಟೆ ಬಿಟ್ಟು ಒಮ್ಮೆ, ಮರುದಿನ ಒಮ್ಮೆ ನೋಡಿ. ಹೆಂಟೆ ಒಡೆದು ಚೂರಾಗಿ ಬಿದ್ದು, ನೀರು ತಿಳಿಯಾಗಿಯೇ ಇದ್ದರೆ ಹೆದರಬೇಕಿಲ್ಲ, ಎರೆಮಣ್ಣು ಹಾಗೆ ಒಡೆಯುವುದು ಸಹಜ. ಹೆಂಟೆಯ ಸುತ್ತ ಹಾಲು ಚೆಲ್ಲಿದಂತೆ ಮಬ್ಬು ಎದ್ದು ನೀರು ಕಲಕಿದ್ದರೆ ಸೋಡಿಯಂ ಇದೆ. ಅದಕ್ಕೆ ಜಿಪ್ಸಂ ಬೇಕು. ಎಷ್ಟು ಬೇಕೆಂಬುದನ್ನು ಮಣ್ಣು ಪರೀಕ್ಷೆಯ ವರದಿ ನೋಡಿಯೇ ಹಾಕಿ. ಬರೀ ಉಪ್ಪಿನ ಮಣ್ಣಿಗೆ ಜಿಪ್ಸಂ ಸುರಿದರೆ ದುಡ್ಡು ದಂಡ. ಜಿಪ್ಸಂ ಹಾಕಿದ ಮೇಲೆ ಮೇಲಿನ 10–15 ಸೆಂಟಿಮೀಟರ್ ಮಣ್ಣಿನಲ್ಲಿ ಬೆರೆಸಿ ನೀರು ನಿಲ್ಲಿಸಿ ಬಸಿಯಬೇಕು. ಬಸಿಯಲು ದಾರಿ ಇಲ್ಲದ ಕಡೆ ಅದು ಕೆಲಸ ಮಾಡುವುದಿಲ್ಲ.

ಸುಣ್ಣಕ್ಕೆ ಪರೀಕ್ಷೆ ಇನ್ನೂ ಸುಲಭ. ಚಮಚೆ ಒಣಮಣ್ಣಿನ ಮೇಲೆ ವಿನಿಗರ್ ಹಾಕಿ. ಸೊರ್ರೆಂದು ನೊರೆ ಎದ್ದರೆ ಸುಣ್ಣ ಹೆಚ್ಚಿದೆ, ಚಿಗುರು ಹಳದಿಯಾಗುವುದಕ್ಕೆ ಕಾರಣ ಸಿಕ್ಕಿತು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಗಳ ಮೇಲೆ ಸಿಂಪಡಿಸಿ, 10–12 ದಿನ ಬಿಟ್ಟು ಇನ್ನೊಮ್ಮೆ. ಹೊಸ ಚಿಗುರು ಹಸಿರಾಗಿ ಬಂದರೆ ನಿಮ್ಮ ಊಹೆ ಸರಿ. ಅನ್ನಭೇದಿಯನ್ನು ಬುಡಕ್ಕೆ ಸುರಿದು ಪ್ರಯೋಜನವಿಲ್ಲ, ಸುಣ್ಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಟೈಲ್ಸ್ ಮೇಲೆ ಚೆಲ್ಲಿದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜೋಪಾನ.

ಲಾನ್: ಎಳೆದು ನೋಡಿ, ಮಗುಚಿ ನೋಡಿ

ನಮ್ಮ ಬಿಸಿಲಿಗೆ ಕರಿಕೆಯ ಜಾತಿಯ ಹುಲ್ಲೇ ಗಟ್ಟಿ. ಉಪ್ಪನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮರದ ಕೆಳಗೆ, ಉತ್ತರದ ಗೋಡೆಯ ನೆರಳಿನಲ್ಲಿ ಅದು ತೆಳ್ಳಗಾಗುವುದು ರೋಗವಲ್ಲ.

ಕಂದು ಬಿದ್ದ ಜಾಗ ಕಂಡಾಗ ಮೊದಲು ಬಾಯಾರಿಕೆಯೋ ನೋಡಿ. ನೀರು ಸಾಲದ ಹುಲ್ಲು ಒಣಗುವ ಮೊದಲು ಬೂದಿ ಬಣ್ಣದ ನೀಲಿಗೆ ತಿರುಗುತ್ತದೆ, ಮೇಲೆ ನಡೆದರೆ ಹೆಜ್ಜೆ ಗುರುತು ಹಾಗೆಯೇ ಉಳಿಯುತ್ತದೆ. ಚೆನ್ನಾಗಿರುವ ಹುಲ್ಲು ಪುಟಿದೇಳುತ್ತದೆ. ಸ್ಪ್ರಿಂಕ್ಲರಿನ ಕೆಳಗೆ ನಾಲ್ಕೈದು ಚಪ್ಪಟೆ ಡಬ್ಬಿಗಳನ್ನು ಇಟ್ಟು ಅಳೆಯಿರಿ. ಒಂದು ಮಿಲಿಮೀಟರ್ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆ ಸುಮಾರು 5 ಮಿಲಿಮೀಟರ್ ಲೆಕ್ಕದಲ್ಲಿ ಬೇಕಾಗುತ್ತದೆ. ಅದನ್ನು ದಿನವೂ ಚಿಮುಕಿಸುವ ಬದಲು ಎರಡು ಮೂರು ದಿನಕ್ಕೊಮ್ಮೆ ಒಟ್ಟಿಗೆ ಬಿಟ್ಟರೆ ಬೇರು ಆಳಕ್ಕೆ ಹೋಗುತ್ತದೆ. ಡಬ್ಬಿಗಳಲ್ಲಿ ಒಂದು ತುಂಬಿ ಒಂದು ಖಾಲಿ ಇದ್ದರೆ ಕಂದು ಜಾಗಕ್ಕೆ ಕಾರಣ ಸ್ಪ್ರಿಂಕ್ಲರೇ. ಎರೆಮಣ್ಣು ಬಿರುಕು ಬಿಟ್ಟರೆ ಬೇರು ಹರಿಯುತ್ತದೆ, ಬಿರುಕಿಗೆ ಮರಳು ಮತ್ತು ಜರಡಿ ಹಿಡಿದ ತಿಪ್ಪೆಗೊಬ್ಬರ ಬೆರೆಸಿ ತುಂಬಿ.

ಬಾಯಾರಿಕೆ ಅಲ್ಲವಾದರೆ ಕಂದು ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಎಳೆಯಿರಿ. ಚಾಪೆಯಂತೆ ಎದ್ದು ಕೈಗೆ ಬಂದರೆ ಬೇರು ತಿಂದಿರುವುದು ಗೊಣ್ಣೆ ಹುಳು. ಖಾತ್ರಿ ಮಾಡಿಕೊಳ್ಳಲು ಹಸಿರೂ ಕಂದೂ ಸೇರುವ ಅಂಚಿನಲ್ಲಿ ಅಗೆಯಬೇಕು. ಪೂರ್ತಿ ಸತ್ತ ನಡುಭಾಗದಲ್ಲಿ ತಿನ್ನಲು ಏನೂ ಉಳಿದಿಲ್ಲವಾದ್ದರಿಂದ ಹುಳ ಅಲ್ಲಿರುವುದಿಲ್ಲ. ಒಂದು ಚದರ ಅಡಿಯ ಮೂರು ಬದಿಯನ್ನು ಸಲಿಕೆಯಿಂದ ಮೂರು ಇಂಚು ಆಳ ಕತ್ತರಿಸಿ, ತವೆಯ ಮೇಲಿನ ರೊಟ್ಟಿ ಮಗುಚಿದಂತೆ ನಾಲ್ಕನೇ ಬದಿಯ ಕಡೆಗೆ ಮಗುಚಿ. ಬೆಳ್ಳಗೆ ದಪ್ಪಗೆ, ಕುಡುಗೋಲಿನಂತೆ ಬಾಗಿದ ಮೈ, ಕಂದು ತಲೆ, ಮುಂದೆ ಆರು ಕಾಲು, ಹಿಂದೆ ಕಪ್ಪಾಗಿ ಕಾಣುವ ಹೊಟ್ಟೆ, ಅದೇ ಗೊಣ್ಣೆ ಹುಳು. ಒಂದೆರಡು ಸಿಕ್ಕರೆ ಬಿಡಿ, ಗೊರವಂಕ ಹೆಕ್ಕುತ್ತವೆ. ಐದಕ್ಕಿಂತ ಹೆಚ್ಚು ಸಿಕ್ಕರೆ ಕ್ರಮ ಬೇಕು.

ಇಲ್ಲೊಂದು ಎಚ್ಚರಿಕೆ. ತಿಪ್ಪೆಗೊಬ್ಬರದಲ್ಲಿ ಇದೇ ಥರದ ದಪ್ಪ ಬಿಳಿ ಹುಳ ಕಂಡು ಗೊಬ್ಬರವನ್ನೇ ಎಸೆಯುವವರಿದ್ದಾರೆ. ಆ ಹುಳವನ್ನು ಎತ್ತಿ ನೆಲದ ಮೇಲೆ ಬಿಡಿ. ಮಗುಚಿಕೊಂಡು ಬೆನ್ನಿನ ಮೇಲೆ, ಕಾಲು ಆಕಾಶಕ್ಕೆ ಮಾಡಿ ತೆವಳಿದರೆ ಅದು ಹೂದುಂಬಿಯ ಮರಿ. ಕೊಳೆತದ್ದನ್ನು ತಿಂದು ಗೊಬ್ಬರ ಮಾಡುತ್ತದೆ, ಬೇರಿನ ತಂಟೆಗೆ ಹೋಗುವುದಿಲ್ಲ. ಹೆಬ್ಬೆರಳಿನಷ್ಟು ದಪ್ಪವಿದ್ದು, ಪಕ್ಕಕ್ಕೆ ಬಾಗಿ ಬಿದ್ದಿದ್ದರೆ ತೆಂಗಿನ ಸುಳಿ ಕೊರೆಯುವ ರೈನೋಸರಸ್ ದುಂಬಿಯ ಮರಿ ಇರಬಹುದು. ಮನೆಯಲ್ಲಿ ತೆಂಗು ಇದ್ದರೆ ಅದನ್ನು ಹೆಕ್ಕಿ ಕೊಲ್ಲಿ.

ಗೊಣ್ಣೆ ಹುಳುವಿಗೆ ಸರಿಯಾದ ಸಮಯ ಮುಂಗಾರಿನ ಮೊದಲ ದೊಡ್ಡ ಮಳೆ. ರೋಹಿಣಿ, ಮೃಗಶಿರಾ ಮಳೆ ಬಿದ್ದ ಸಂಜೆ ಕತ್ತಲಾಗುತ್ತಲೇ ಕಂದು ದುಂಬಿಗಳು ನೆಲದಿಂದೆದ್ದು ಬೇವು, ಜಾಲಿ, ಬಾರಿ ಗಿಡದ ಎಲೆ ತಿನ್ನಲು ಬರುತ್ತವೆ. ಕೆಳಗೆ ಬಟ್ಟೆ ಹಾಸಿ, ಕೋಲಿನಿಂದ ಕೊಂಬೆ ಅಲುಗಿಸಿ, ಬಿದ್ದವನ್ನು ಸಾಬೂನು ನೀರಿನ ಬಕೆಟಿಗೆ ಹಾಕಿ. ನಾಲ್ಕೈದು ಸಂಜೆ ಇಷ್ಟು ಮಾಡಿದರೆ ಅವು ಲಾನಿನಲ್ಲಿ ಮೊಟ್ಟೆ ಇಡುವುದೇ ತಪ್ಪುತ್ತದೆ. ಮರಿ ಚಿಕ್ಕದಿರುವ ಜೂನ್ ಕೊನೆ, ಜುಲೈನಲ್ಲಿ ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿಯನ್ನು ಹಸಿ ತಿಪ್ಪೆಗೊಬ್ಬರಕ್ಕೆ ಬೆರೆಸಿ, ಒಂದು ವಾರ ನೆರಳಲ್ಲಿ ಗೋಣಿ ಮುಚ್ಚಿಟ್ಟು, ಸಂಜೆ ಒದ್ದೆ ಲಾನಿಗೆ ಎರಚಬೇಕು. ಹುಲ್ಲು ಒಣಗಿದ್ದು ಕಾಣುವುದು ಮಾತ್ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಅಷ್ಟರಲ್ಲಿ ಹುಳ ಬಲಿತು ಯಾವ ಮದ್ದಿಗೂ ಸುಲಭವಾಗಿ ಬಗ್ಗುವುದಿಲ್ಲ.

ಹುಲ್ಲು ಎಳೆದರೆ ಗಟ್ಟಿಯಾಗಿದೆ, ಆದರೆ ಎಲೆ ಕತ್ತರಿಸಿದಂತೆ ಮೊಟಕಾಗಿದೆ, ಬುಡದಲ್ಲಿ ಕಪ್ಪು-ಹಸಿರು ಹಿಕ್ಕೆ ಇದೆ, ಬೆಳಗಿನ ಹೊತ್ತು ಬೆಳ್ಳಕ್ಕಿ, ಗೊರವಂಕ ಲಾನಿನಲ್ಲಿ ಗುಂಪುಗೂಡುತ್ತಿವೆ ಎಂದರೆ ಸೈನಿಕ ಹುಳು. ಭತ್ತದ ಗದ್ದೆ ಹತ್ತಿರವಿರುವ ಕಡೆ ಮಳೆಗಾಲದಲ್ಲಿ ಬರುತ್ತದೆ, ಹಗಲು ಅಡಗಿರುತ್ತದೆ. 4 ಲೀಟರ್ ನೀರಿಗೆ ಪಾತ್ರೆ ತೊಳೆಯುವ ದ್ರಾವಣ ಎರಡು ದೊಡ್ಡ ಚಮಚೆ ಬೆರೆಸಿ, ಒಂದು ಚದರ ಮೀಟರಿಗೆ ಮೆಲ್ಲಗೆ ಸುರಿದು 10 ನಿಮಿಷ ಕಾಯಿರಿ. ಕೀಡಿಗಳು ಉರಿ ತಾಳದೆ ಮೇಲೆ ಬರುತ್ತವೆ. ಗೊಣ್ಣೆ ಹುಳು ಇದಕ್ಕೆ ಬರುವುದಿಲ್ಲ, ಅದಕ್ಕೆ ಅಗೆಯಲೇಬೇಕು. ಕೀಡಿ ಚಿಕ್ಕದಿದ್ದರೆ ಬಿ.ಟಿ. ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಸಂಜೆ ಸಿಂಪಡಿಸಿ. ಹಗಲಿನ ಬಿಸಿಲಿಗೆ ಅದರ ಶಕ್ತಿ ಬೇಗ ಹೋಗುತ್ತದೆ.

ಒಣಹುಲ್ಲಿನ ಮೇಲೆ ತೆಳು ಮಣ್ಣಿನ ಹೊದಿಕೆ ಇದ್ದರೆ ಗೆದ್ದಲು. ಇದರ ಮೂಲ ಬಹುತೇಕ ನೆಲದೊಳಗೆ ಹೂತುಹೋದ ಸೆಂಟ್ರಿಂಗ್ ಹಲಗೆ, ಗೂಟ, ಅರೆ ಕೊಳೆತ ಸಗಣಿ. ಅಗೆದು ತೆಗೆಯದ ಹೊರತು ಏನು ಸುರಿದರೂ ಮತ್ತೆ ಬರುತ್ತದೆ. ಮಳೆ ಬಿದ್ದ ಮೇಲೆ ಲಾನಿನಲ್ಲಿ ಅಣಬೆ ಏಳುವುದೂ ಬಹುತೇಕ ಹೂತ ಕಟ್ಟಿಗೆಯಿಂದಲೇ. ಮರದ ಕಾಂಡದ ಮೇಲೆ ಗೆದ್ದಲಿನ ಮಣ್ಣು ಕಂಡಾಗ ಕೆರೆದು ತೊಗಟೆಯನ್ನು ಉಗುರಿನಿಂದ ಗೀರಿ: ಒಳಗೆ ಹಸಿರಿದ್ದರೆ ಗೆದ್ದಲು ತಿನ್ನುತ್ತಿರುವುದು ಸತ್ತ ಮೇಲುತೊಗಟೆ ಮಾತ್ರ, ಮರಕ್ಕೆ ಭಯವಿಲ್ಲ.

ಬೆಳಿಗ್ಗೆ ಬಿಸಿಲೇರುವ ಮುಂಚೆ ಹುಲ್ಲಿನ ಮೇಲೆ ಹತ್ತಿಯ ಎಳೆಯಂತೆ ಬೂಷ್ಟು, ದುಂಡನೆಯ ಕಂದು ಮಚ್ಚೆ, ಎಲೆಯಲ್ಲಿ ಹುಲ್ಲುಬಣ್ಣದ ಕಲೆಗೆ ಕಂದು ಅಂಚು ಇದ್ದರೆ ಶಿಲೀಂಧ್ರ ರೋಗ. ಸಂಜೆ ನೀರು ಬಿಡುವುದನ್ನು ನಿಲ್ಲಿಸಿ ಬೆಳಗಿನ ಜಾವಕ್ಕೆ ಬದಲಿಸುವುದೇ ಮುಖ್ಯ ಚಿಕಿತ್ಸೆ. ತಟ್ಟೆಯಗಲ ಸತ್ತ ಹುಲ್ಲು, ಸುತ್ತ ಕಡುಹಸಿರು ಬಳೆ ಇದ್ದರೆ ನಾಯಿಯ ಮೂತ್ರ. ಇಡೀ ಲಾನಿನಲ್ಲಿ ಹುಲ್ಲಿನ ತುದಿ ಬೆಳ್ಳಗೆ ಸೀಳಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು ಮೊಂಡಾಗಿದೆ. ಎರಚಿದ ಕೈಯ ಗುರುತಿನಂತೆ ಪಟ್ಟಿ ಪಟ್ಟಿಯಾಗಿ ಸುಟ್ಟಿದ್ದರೆ ಯೂರಿಯಾ ಹೆಚ್ಚಾಗಿದೆ. 100 ಚದರ ಮೀಟರಿಗೆ 1 ಕೆ.ಜಿ. ಮೀರಬೇಡಿ, ಹುಲ್ಲಿನ ಎಲೆ ಒದ್ದೆಯಿಲ್ಲದಾಗ ಎರಚಿ ಕೂಡಲೇ ನೀರು ಬಿಡಿ.

ಜೇಕು ಮತ್ತು ಕಾಂಗ್ರೆಸ್ ಕಸ

ಕತ್ತರಿಸಿದ ಎರಡೇ ದಿನಕ್ಕೆ ಲಾನಿಗಿಂತ ಎತ್ತರಕ್ಕೆ ತಿಳಿಹಸಿರಾಗಿ ಎದ್ದು ನಿಲ್ಲುವುದು ಜೇಕು. ದಂಟನ್ನು ಬೆರಳ ನಡುವೆ ಉರುಳಿಸಿದರೆ ಮೂರು ಮೂಲೆ ಸಿಗುತ್ತದೆ. ಹುಲ್ಲಿನ ದಂಟು ದುಂಡಗಿರುತ್ತದೆ. ಇದು ಕೆರೆ ಹೂಳಿನ ಜೊತೆ, ನರ್ಸರಿ ಮಣ್ಣಿನ ಜೊತೆ ಬರುತ್ತದೆ. ಕೈಯಿಂದ ಕಿತ್ತರೆ ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಲಾನ್ ಹಾಕುವ ಮೊದಲು ಬೇಸಿಗೆಯಲ್ಲಿ ನೀರು ಬಿಟ್ಟು ಚಿಗುರಿಸಿ, ಅಗೆದು, ಗಡ್ಡೆ ಮೇಲೆ ಬಿದ್ದು ಎರಡು ವಾರ ಬಿಸಿಲಿಗೆ ಒಣಗುವಂತೆ ಬಿಡಿ. ಹೀಗೆ ಎರಡು ಮೂರು ಸುತ್ತು. ನಮ್ಮ ಬಿಸಿಲಿಗಿಂತ ಒಳ್ಳೆಯ ಕಳೆನಾಶಕ ಇದಕ್ಕಿಲ್ಲ. ಲಾನ್ ಹಾಕಿದ ಮೇಲಾದರೆ ಮಣ್ಣು ಒದ್ದೆಯಿದ್ದಾಗ ಕುರ್ಚಿಗಿಯ ತುದಿಯಿಂದ ಗಡ್ಡೆ ಸಮೇತ ಎತ್ತಿ, ಮೂರು ವಾರ ಮೀರುವ ಮೊದಲು ಮತ್ತೊಮ್ಮೆ. ತಡವಾದರೆ ಹೊಸ ಗಡ್ಡೆ ಕಟ್ಟುತ್ತದೆ.

ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲು, ಕೈಗವಸು ಹಾಕಿ ಕೀಳಿ, ಚರ್ಮಕ್ಕೆ ಅಲರ್ಜಿ ತರುತ್ತದೆ. ಅದರ ಎಲೆ ತಿನ್ನುತ್ತಿರುವ, ಬೆನ್ನ ಮೇಲೆ ಕಂದು ಗೆರೆಯ ಹಳದಿ ದುಂಬಿಗಳು ಕಂಡರೆ ಬಿಟ್ಟುಬಿಡಿ. ಆ ಕಸಕ್ಕೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತತಿ ಅದು.

ರಸ ಹೀರುವವು

ಗಿಡದ ಕಾಂಡದ ಮೇಲೆ ಇರುವೆ ಸಾಲು ಓಡಾಡುತ್ತಿದ್ದರೆ ಹಿಂಬಾಲಿಸಿ. ಸಾಲು ಮುಗಿಯುವಲ್ಲಿ ಸಸ್ಯಹೇನೋ ಹಿಟ್ಟು ತಿಗಣೆಯೋ ಇರುತ್ತದೆ. ಅವು ಬಿಡುವ ಸಿಹಿ ಜಿಗಿಗಾಗಿ ಇರುವೆ ಅವನ್ನು ಕಾಯುತ್ತದೆ. ಕೆಳಗಿನ ಎಲೆ ಅಂಟಂಟಾಗಿ, ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಕೂತಿದ್ದರೆ ಕಾರಣ ಆ ಎಲೆಯಲ್ಲಿಲ್ಲ, ಅದರ ಮೇಲಿನ ಕೊಂಬೆಯಲ್ಲಿದೆ.

ದಾಸವಾಳದ ಚಿಗುರು ಮುದುಡಿ, ಹಿಟ್ಟು ಮೆತ್ತಿದಂತೆ ಕಂಡರೆ ಹಿಟ್ಟು ತಿಗಣೆ. ಹತ್ತಿ ಹೊಲದಿಂದ, ಕಾಂಗ್ರೆಸ್ ಕಸದಿಂದ ಬೇಸಿಗೆಯಲ್ಲಿ ನುಗ್ಗುತ್ತದೆ. ಔಷಧ ಹೊಡೆಯುವ ಮೊದಲು ಭೂತಗನ್ನಡಿ ಹಿಡಿದು ಒಂದು ಕಡ್ಡಿಯಿಂದ ಮೆಲ್ಲಗೆ ತಿವಿಯಿರಿ. ತಿಗಣೆ ಜಾಗ ಬಿಟ್ಟು ಅಷ್ಟಾಗಿ ಕದಲುವುದಿಲ್ಲ. ಅವುಗಳ ನಡುವೆ ತುಸು ದೊಡ್ಡದಾದ, ಮೈಮೇಲೆ ಉದ್ದುದ್ದ ಬಿಳಿ ಮೇಣದ ಎಳೆಗಳಿರುವ, ತಿವಿದರೆ ಸರಸರನೆ ಓಡುವ ಮರಿ ಇದ್ದರೆ ಅದು ತಿಗಣೆಯ ವೇಷದಲ್ಲಿ ತಿಗಣೆಯನ್ನೇ ತಿನ್ನುವ ಗುಲಗಂಜಿ ಹುಳುವಿನ ಮರಿ. ಕಂದು ಬಣ್ಣಕ್ಕೆ ತಿರುಗಿ, ಉಬ್ಬಿ, ಒಣಚರ್ಮದಂತಾದ ತಿಗಣೆಗಳಿದ್ದರೆ ಒಳಗೆ ಅದನ್ನೇ ತಿಂದು ಪರತಂತ್ರ ಕಣಜ ಬೆಳೆಯುತ್ತಿದೆ. ಇವೆರಡರಲ್ಲಿ ಒಂದು ಕಂಡರೂ ವಿಷ ಹೊಡೆಯಬೇಡಿ. ಪಪ್ಪಾಯಿಗೆ ಬರುವ ತಿಗಣೆ 2008ರಲ್ಲಿ ದೇಶಕ್ಕೆ ನುಗ್ಗಿದಾಗ ರೈತರು ಹೊಡೆದ ಯಾವ ಎಣ್ಣೆಗೂ ಬಗ್ಗಲಿಲ್ಲ. ಅದನ್ನು ಹತೋಟಿಗೆ ತಂದದ್ದು 2010ರಲ್ಲಿ ಪೋರ್ಟೋರಿಕೋದಿಂದ ಬೆಂಗಳೂರಿಗೆ ತರಿಸಿ ಬಿಟ್ಟ ಸಣ್ಣ ಕಣಜ.

ಕೈತೋಟದಲ್ಲಿ ಮಾಡಬೇಕಾದ್ದು ಇಷ್ಟು. ಹೆಚ್ಚು ಮೆತ್ತಿದ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಹಾಕಿ. ಉಳಿದದ್ದಕ್ಕೆ ಪೈಪಿನಿಂದ ರಭಸವಾಗಿ ನೀರು ಬಿಡಿ. ಕಾಂಡಕ್ಕೆ ಅಗಲ ಕಾಗದ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ, ಇರುವೆ ಹತ್ತದಂತೆ. ಗ್ರೀಸನ್ನು ನೇರವಾಗಿ ತೊಗಟೆಗೆ ಹಚ್ಚಿದರೆ ಬಿಸಿಲಿಗೆ ತೊಗಟೆ ಸುಡುತ್ತದೆ.

ಮೆಣಸಿನ ಗಿಡದ ಮುಟುರು, ಅಂದರೆ ಎಲೆ ಮುದುಡುವುದು, ಈ ಸೀಮೆಯಲ್ಲಿ ಯಾರಿಗೂ ಹೊಸದಲ್ಲ, ಆದರೆ ಅದರಲ್ಲೂ ಭೇದವಿದೆ. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾದರೆ ಥ್ರಿಪ್ಸ್ ನುಶಿ. ಅಂಚು ಕೆಳಕ್ಕೆ ಮಡಚಿ ದೋಣಿ ಬೋರಲು ಹಾಕಿದಂತಾದರೆ ಮೈಟ್ ನುಶಿ. ಎಲೆ ಗಿಡ್ಡಾಗಿ, ಹಳದಿಯಾಗಿ, ಗೊಂಚಲುಗಟ್ಟಿದರೆ ಬಿಳಿ ನೊಣ ಹರಡುವ ನಂಜುರೋಗ; ಆ ಗಿಡವನ್ನು ಕಿತ್ತುಬಿಡಿ. ಬಿಳಿ ಹಾಳೆಯ ಮೇಲೆ ಟೊಂಗೆಯನ್ನು ತಟ್ಟಿ ನೋಡಿ: ಒಂದು ಮಿಲಿಮೀಟರ್ ಉದ್ದದ ಸಪೂರ ಕಡ್ಡಿಯಂಥದು ಥ್ರಿಪ್ಸ್, ಧೂಳಿನ ಚುಕ್ಕೆ ನಡೆದಾಡಿದಂತೆ ಕಂಡರೆ ಮೈಟ್. ಹೂವನ್ನೂ ಬಿಡಿಸಿ ಹಾಳೆಗೆ ಕೊಡವಿ. 2021ರಲ್ಲಿ ತೆಲಂಗಾಣ, ಆಂಧ್ರ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳುಗೆಡವಿದ ಕಪ್ಪು ನುಶಿ ಹೂವಿನೊಳಗೇ ಗುಂಪಾಗಿ ಕೂರುತ್ತದೆ. ಥ್ರಿಪ್ಸಿಗೆ ನೀಲಿ ಅಂಟುಪಟ್ಟಿ, ಬಿಳಿ ನೊಣಕ್ಕೆ ಹಳದಿ.

ಮಾರ್ಚ್‌ನಿಂದ ಮೇ ತನಕ ಗುಲಾಬಿ, ಬದನೆ ಎಲೆ ಮೇಲೆ ಸೂಜಿ ಚುಚ್ಚಿದಂತೆ ಬಿಳಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ ಇದ್ದರೆ ಕೆಂಪು ಮೈಟ್. ರಸ್ತೆಯ ಧೂಳು, ಸಂಡೂರು ಕಡೆಯ ಅದಿರು ಧೂಳು ಎಲೆಗೆ ಕೂತಷ್ಟೂ ಇದು ಹೆಚ್ಚುತ್ತದೆ. ಎರಡು ದಿನಕ್ಕೊಮ್ಮೆ ಎಲೆಯ ಅಡಿಭಾಗಕ್ಕೆ ನೀರು ಹೊಡೆದರೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಗಂಧಕದ ಪುಡಿ ಕೆಲಸ ಮಾಡುತ್ತದಾದರೂ 35 ಡಿಗ್ರಿ ದಾಟಿದ ದಿನಗಳಲ್ಲಿ ಎಲೆಯನ್ನೇ ಸುಡುತ್ತದೆ, ಹಾಗಾಗಿ ನಮ್ಮ ಬೇಸಿಗೆಗೆ ಬೇಡ.

ತೆಂಗಿನ ಗರಿಯ ಅಡಿಯಲ್ಲಿ ಬೆರಳಿನಿಂದ ಸುರುಳಿ ಬರೆದಂತೆ ಬಿಳಿ ಗೆರೆಗಳು ಕಂಡರೆ ಸುರುಳಿ ಬಿಳಿ ನೊಣ, 2016ರಲ್ಲಿ ತಮಿಳುನಾಡಿನಲ್ಲಿ ಮೊದಲು ಕಂಡದ್ದು. ಇದಕ್ಕೂ ಪರತಂತ್ರ ಕಣಜವಿದೆ. ಮರಿಗಳಲ್ಲಿ ಕೆಲವು ಕಪ್ಪಾಗಿ, ದುಂಡು ತೂತು ಬಿದ್ದಿದ್ದರೆ ಕಣಜ ಬಂದಾಗಿದೆ. ಎಲೆಯ ಮೇಲಿನ ಕಪ್ಪು ಬೂಷ್ಟಿಗೆ ಲೀಟರ್ ನೀರಿಗೆ 10 ಗ್ರಾಂ ಮೈದಾ ಕುದಿಸಿ ತೆಳು ಗಂಜಿ ಮಾಡಿ, ಆರಿಸಿ ಸಿಂಪಡಿಸಿ. ಒಣಗಿ ಪದರವಾಗಿ ಉದುರುತ್ತದೆ.

ಕಡಿಯುವವು, ಕೊರೆಯುವವು

ನಿಂಬೆ, ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕಂಡದ್ದು ಅಲುಗಿದರೆ ಚಿಟ್ಟೆಯ ಕೀಡಿ. ಬಲಿತಾಗ ಹಸಿರಾಗುತ್ತದೆ. ಗಿಡ ಚಿಕ್ಕದಿದ್ದರೆ ಕೈಯಿಂದ ಹೆಕ್ಕಿ, ದೊಡ್ಡದಿದ್ದರೆ ಹಾಗೇ ಬಿಡಿ. ಎಲೆಯೊಳಗೆ ಬಿಳಿ ಗೆರೆ ಸೊಟ್ಟಸೊಟ್ಟಗೆ ಹರಿದಿದ್ದರೆ ರಂಗೋಲಿ ಹುಳು. ಗುಲಾಬಿ, ಬೋಗನ್‌ವಿಲ್ಲಾ ಎಲೆಯ ಅಂಚಿನಲ್ಲಿ ಕತ್ತರಿಯಿಂದ ದುಂಡಗೆ ಕತ್ತರಿಸಿದಂತಿದ್ದರೆ ಎಲೆ ಕತ್ತರಿಸುವ ಜೇನು; ಗೂಡಿಗೆಂದು ಒಯ್ಯುತ್ತದೆ, ತೊಂದರೆಯಿಲ್ಲ. ರಾತ್ರೋರಾತ್ರಿ ಎಳೆಸಸಿ ಬುಡಕ್ಕೇ ಉರುಳಿದ್ದರೆ ಬುಡದ ಮಣ್ಣನ್ನು ಎರಡು ಇಂಚು ಕೆದಕಿ, ಉಂಗುರದಂತೆ ಸುತ್ತಿಕೊಂಡ ಕತ್ತರಿ ಹುಳು ಅಲ್ಲೇ ಸಿಗುತ್ತದೆ.

ಟೊಮೆಟೊ, ಬದನೆ, ದಾಳಿಂಬೆ ನೀರು ಕುಡಿದೂ ಮಧ್ಯಾಹ್ನ ಬಾಡುತ್ತಿದ್ದರೆ ಒಂದು ಬೇರು ತೆಗೆದು ನೋಡಿ. ಗಂಟುಗಂಟಾಗಿದ್ದರೆ ಬೇರುಗಂಟು ಜಂತುಹುಳು, ಬಹುತೇಕ ನರ್ಸರಿ ಚೀಲದ ಮಣ್ಣಿನಲ್ಲೇ ಬಂದಿರುತ್ತದೆ. ಅವರೆ, ಅಲಸಂದೆಯ ಬೇರಿನಲ್ಲೂ ಗಂಟಿರುತ್ತದೆ, ಆದರೆ ಅದು ಪಕ್ಕಕ್ಕೆ ಅಂಟಿದ ಮಣಿಯಂತೆ, ಉಗುರು ತಾಗಿದರೆ ಕಳಚುತ್ತದೆ, ಒಳಗೆ ಗುಲಾಬಿ ಬಣ್ಣ. ಜಂತುಹುಳದ ಗಂಟು ಬೇರೇ ಊದಿಕೊಂಡದ್ದು, ಕಳಚುವುದಿಲ್ಲ. ಆ ಜಾಗದಲ್ಲಿ ಒಂದು ಹಂಗಾಮು ಚೆಂಡು ಹೂ ಬೆಳೆದು ಬೇರು ಸಮೇತ ಮಣ್ಣಿಗೆ ಸೇರಿಸಿ.

ಮಳೆಗಾಲದ ಕೊನೆಗೆ ಬೇವಿನ ಮರದ ತುದಿಗಳೆಲ್ಲ ಕಂದಾಗಿ ಒಣಗಿದರೆ ಮರ ಸತ್ತಿತೆಂದು ಕಡಿಸಬೇಡಿ. ಅದು ತುದಿ ಒಣಗುವ ಶಿಲೀಂಧ್ರ ರೋಗ. ಬಹಳಷ್ಟು ಮರಗಳು ಬೇಸಿಗೆಯ ಆರಂಭಕ್ಕೆ ಮತ್ತೆ ಚಿಗುರುತ್ತವೆ.

ಹೊಡೆಯಲೇಬೇಕಾದಾಗ

ಮೊದಲ ಆಯ್ಕೆ ಬೇವಿನ ಬೀಜದ ಕಷಾಯ. ಒಣಗಿಸಿದ ಬೇವಿನ ಬೀಜದ ತಿರುಳು 500 ಗ್ರಾಂ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿ ಸ್ವಲ್ಪ ನೀರಲ್ಲಿ ನೆನೆಸಿ. ಬೆಳಿಗ್ಗೆ ನೀರು ಬೆಳ್ಳಗಾಗುವುದು ನಿಲ್ಲುವವರೆಗೆ ಹಿಂಡಿ, ಸೋಸಿ, ಒಟ್ಟು 10 ಲೀಟರ್ ಮಾಡಿ 10 ಗ್ರಾಂ ಸಾಬೂನು ಕರಗಿಸಿ. ಅಂದೇ ಬಳಸಬೇಕು. ಬೇವಿನೆಣ್ಣೆಯಾದರೆ ಲೀಟರಿಗೆ 5 ಮಿ.ಲೀ.; ಎಣ್ಣೆಗೆ ಮೊದಲು ಸಾಬೂನು ದ್ರಾವಣ ಬೆರೆಸಿ ಹಾಲಿನಂತಾದ ಮೇಲೆ ನೀರು ಸೇರಿಸಿ. ಎಣ್ಣೆ ಮೇಲೆ ತೇಲುತ್ತಿದ್ದರೆ ಹೊಡೆಯಬೇಡಿ, ಎಲೆ ಸುಡುತ್ತದೆ. ಗಡಸು ಬೋರ್ ನೀರಿನಲ್ಲಿ ಸಾಬೂನು ಒಡೆದು ಗಸಿಯಾಗುತ್ತದೆ. ಮಳೆನೀರು ಅಥವಾ ಘಟಕದ ನೀರು ಬಳಸಿ. ಬಟ್ಟೆ ಪುಡಿ ಬೇಡ. ಯಾವುದನ್ನೇ ಆಗಲಿ ಸೂರ್ಯ ಇಳಿದ ಮೇಲೆ, ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ, ಮೊದಲು ಒಂದೇ ಕೊಂಬೆಗೆ ಹೊಡೆದು ಎರಡು ದಿನ ನೋಡಿ.

ಲಾನಿಗೆ, ಹೂಕುಂಡಕ್ಕೆ ಫೋರೇಟ್ ಎಂಬ ಕೀಟನಾಶಕದ ಹರಳು ಹಾಕುವ ರೂಢಿ ಇನ್ನೂ ಇದೆ. ಅತಿ ವಿಷಕಾರಿಯಾದ ಅದರ ಮಾರಾಟ, ಬಳಕೆ ಎರಡೂ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧ. ಮಕ್ಕಳು ಬರಿಗಾಲಲ್ಲಿ ಆಡುವ ಹುಲ್ಲು ಅದು. ಇನ್ನೊಂದು ಕೀಟನಾಶಕ ಮಾನೋಕ್ರೋಟೋಫಾಸ್ ತರಕಾರಿಗೆ ನಿಷಿದ್ಧವಾಗಿ ಬಹಳ ವರ್ಷಗಳಾದವು. ಹೊಲದ ಡಬ್ಬಿಯಿಂದ ಮುಚ್ಚಳದ ಲೆಕ್ಕದಲ್ಲಿ ಸುರಿದು ಮನೆಯ ಕರಿಬೇವಿಗೆ ಹೊಡೆದರೆ ಅದು ಮರುದಿನ ಒಗ್ಗರಣೆಗೇ ಬರುತ್ತದೆ.

ಗೊತ್ತಾಗದಿದ್ದರೆ

ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಗಂಗಾವತಿ ಮತ್ತು ಬಳ್ಳಾರಿ ಹತ್ತಿರದ ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳು, ಮುನಿರಾಬಾದಿನ ತೋಟಗಾರಿಕೆ ಕಾಲೇಜು ನಮ್ಮ ಮೂರೂ ಜಿಲ್ಲೆಗೆ ಹತ್ತಿರವಿವೆ. ಮಾದರಿ ಸರಿಯಾಗಿ ಒಯ್ದರೆ ಸರಿಯಾದ ಉತ್ತರ ಸಿಗುತ್ತದೆ. ಪೂರ್ತಿ ಸತ್ತ ಎಲೆ ಬೇಡ. ಈಗಷ್ಟೇ ಶುರುವಾದದ್ದು, ಅರ್ಧ ಹಾಳಾದದ್ದು, ಚೆನ್ನಾಗಿರುವುದು, ಮೂರನ್ನೂ ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ಕಿನಲ್ಲಿ ಬೆವೆತು ಕೊಳೆಯುತ್ತದೆ. ಹುಳವನ್ನು ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿ. ಲಾನಿನದಾದರೆ ಹಸಿರು-ಕಂದು ಅಂಚಿನಿಂದ ಅಂಗೈಯಗಲ ತುಂಡನ್ನು ಮಣ್ಣು ಸಮೇತ ಕತ್ತರಿಸಿ. ಮಣ್ಣು ಪರೀಕ್ಷೆಗೆ ಐದಾರು ಕಡೆ 15 ಸೆಂಟಿಮೀಟರ್ ಆಳದಿಂದ ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ. ನೀರಿನದಕ್ಕೆ ಬೋರನ್ನು ಹದಿನೈದು ನಿಮಿಷ ಓಡಿಸಿದ ಮೇಲೆ, ಅದೇ ನೀರಿನಿಂದ ಎರಡು ಸಲ ತೊಳೆದ ಬಾಟಲಿಯಲ್ಲಿ ಅರ್ಧ ಲೀಟರ್. ಜೊತೆಗೆ ಒಂದು ಚೀಟಿ: ಗಿಡ ಹಚ್ಚಿದ್ದು ಯಾವಾಗ, ನೀರು ಯಾವುದು, ಏನು ಗೊಬ್ಬರ ಹಾಕಿದಿರಿ, ಈಗಾಗಲೇ ಏನು ಹೊಡೆದಿದ್ದೀರಿ. ಕೊನೆಯದನ್ನು ಮುಚ್ಚಿಡಬೇಡಿ, ಅವರು ಮೊದಲು ಕೇಳುವುದು ಅದನ್ನೇ.